ಇ-ಮೇಲ್ ಮೇಲಿರುವ ಹೊತ್ತು ಏನು ಹೇಳುತ್ತೆ, ಏನು ಹೇಳಲ್ಲ?



ಲಗ್ಗೆರೆಯ ಒಂದು ಸ್ವಸಹಾಯ ಸಂಘದಲ್ಲಿ ವಾರದ ಸಭೆ ನಡೆಯುತ್ತಾ ಇದೆ ಎಂದಿಟ್ಟುಕೊಳ್ಳಿ. ಉಳಿತಾಯದ ಹಣ ಕಟ್ಟಿ ಆಯಿತು. ಆಗ ಒಬ್ಬ ಅಕ್ಕ ಎದ್ದು ನಿಂತು ಸಾಲ ಕೇಳುತ್ತಾರೆ. “ನನ್ನ ಮಗಳಿಗೆ ದುಬೈಯಿಂದ ಇ-ಮೇಲ್ ಬಂದಿದೆ. ದೊಡ್ಡ ಅಂಗಡಿಯಲ್ಲಿ ಬಿಲ್ಲಿಂಗ್ ಕೆಲಸವಂತೆ. ವೀಸಾ ಖರ್ಚು 25,000 ರೂಪಾಯಿ ನಾಳೆಯೊಳಗೆ ಕಳಿಸಬೇಕಂತೆ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಅವಳು ದುಡಿದಿದ್ದು ಸಾಕು, ಹೇಗಾದರೂ ಮಾಡಿ ಕೊಡಿ” ಅಂತಾರೆ.

ಕೊಡಬೇಕೋ ಬೇಡವೋ? ಅದು ಒಬ್ಬರ ದುಡ್ಡಲ್ಲ, ವಾರ ವಾರ ಕೂಡಿಟ್ಟ ಹತ್ತು ಹದಿನೈದು ಮನೆಯ ದುಡ್ಡು. ಮೇಲ್ ನಿಜವಾಗಿ ದುಬೈಯಿಂದಲೇ ಬಂತಾ? ಗೊತ್ತು ಮಾಡಿಕೊಳ್ಳೋಕೆ ಏನಾದರೂ ದಾರಿ ಇದೆಯಾ? ಒಂದು ಸಣ್ಣ ದಾರಿ ಇದೆ. ಪ್ರತಿ ಇ-ಮೇಲ್ ತನ್ನ ಜೊತೆ ಒಂದು ಗಡಿಯಾರವನ್ನೂ ಹೊತ್ತು ತರುತ್ತೆ. ಆ ಗಡಿಯಾರವನ್ನು ಓದುವುದು ಹೇಗೆ, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು ಎನ್ನುವುದನ್ನು ಈ ಲೇಖನದಲ್ಲಿ ನೋಡೋಣ.

ಅಂಚೆ ಕವರಿನ ಮುದ್ರೆ ನೆನಪಿದೆಯಾ?

ಮೊದಲು ಊರಿನಿಂದ ಕಾಗದ ಬಂದಾಗ ಎರಡು ಕಡೆ ತಾರೀಖು ಇರುತ್ತಿತ್ತು. ಕಾಗದದ ಮೇಲ್ಗಡೆ ಬರೆದವರೇ ತಮ್ಮ ಕೈಯಿಂದ ಹಾಕಿದ ತಾರೀಖು ಒಂದು. ಕವರಿನ ಮೇಲೆ ಅಂಚೆ ಕಚೇರಿಯವರು ಒತ್ತಿದ ಕಪ್ಪು ಮುದ್ರೆ ಇನ್ನೊಂದು. ಬರೆದವರು ಮರೆತು ಹಿಂದಿನ ದಿನದ ತಾರೀಖು ಹಾಕಿರಬಹುದು, ಬೇಕಂತಲೇ ಸುಳ್ಳು ತಾರೀಖು ಹಾಕಿರಲೂಬಹುದು. ಅಂಚೆ ಮುದ್ರೆಯನ್ನು ಮಾತ್ರ ಬರೆದವರು ಬದಲಾಯಿಸೋಕೆ ಆಗುತ್ತಿರಲಿಲ್ಲ.

ಇ-ಮೇಲ್‌ನಲ್ಲೂ ಹೀಗೇ. ನಮ್ಮ ಕಣ್ಣಿಗೆ ಕಾಣುವ ಪತ್ರದ ಹಿಂದೆ ಒಂದು ಕವರು ಇದೆ. ಅದಕ್ಕೆ ‘ಹೆಡರ್’ ಎನ್ನುತ್ತಾರೆ. ಅದರಲ್ಲಿ ‘ಡೇಟ್’ ಎಂಬ ಸಾಲು ಇರುತ್ತೆ. ಅದು ಕಳಿಸಿದವರ ಕಡೆಯಿಂದ ಬಿದ್ದ ತಾರೀಖು ಮತ್ತು ಹೊತ್ತು. ಜೊತೆಗೆ ‘ರಿಸೀವ್ಡ್’ ಎಂಬ ಸಾಲುಗಳಿರುತ್ತವೆ. ಮೇಲ್ ಸಾಗಿ ಬಂದ ದಾರಿಯ ಒಂದೊಂದು ಕಂಪ್ಯೂಟರೂ ಒತ್ತಿದ ಮುದ್ರೆಗಳು ಅವು. ಹೊಸ ಮುದ್ರೆ ಯಾವಾಗಲೂ ಹಳೆಯದರ ಮೇಲ್ಗಡೆ ಬೀಳುತ್ತೆ. ಹಾಗಾಗಿ ಇವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು.

ಪ್ಲಸ್ ಐದೂವರೆ ಅಂದರೇನು?

ಡೇಟ್ ಸಾಲು ಇಂಗ್ಲಿಷಿನಲ್ಲಿರುತ್ತೆ. ಕನ್ನಡದಲ್ಲಿ ಬರೆದರೆ ಹೀಗೆ ಕಾಣುತ್ತೆ:

ಬುಧವಾರ, 12 ಫೆಬ್ರವರಿ 2025 21:40:08 +0530

ವಾರ, ತಾರೀಖು ನಮಗೆ ಗೊತ್ತು. 21:40 ಎಂದರೆ ರಾತ್ರಿ 9 ಗಂಟೆ 40 ನಿಮಿಷ. ಕೊನೆಯ 08 ಸೆಕೆಂಡು. ನಮಗೆ ಬೇಕಾದ ಸಂಗತಿ ಅದರ ಮುಂದಿನ +0530ರಲ್ಲಿದೆ.

ಪ್ರಪಂಚದಲ್ಲೆಲ್ಲ ಒಂದೇ ಹೊತ್ತಿಗೆ ಬೆಳಗಾಗುವುದಿಲ್ಲ. ನಾವು ರಾತ್ರಿ ಊಟಕ್ಕೆ ಕೂತಾಗ ಅಮೆರಿಕದವರು ಬೆಳಗಿನ ಕಾಫಿ ಕುಡಿಯುತ್ತಿರುತ್ತಾರೆ. ಲೆಕ್ಕ ಸಿಗಲಿ ಅಂತ ಇಂಗ್ಲೆಂಡಿನ ಗ್ರೀನಿಚ್ ಎಂಬ ಊರಿನ ಮೇಲೆ ಹಾದುಹೋಗುವ ಗೆರೆಯನ್ನು ಸೊನ್ನೆ ಎಂದು ಇಟ್ಟುಕೊಂಡಿದ್ದಾರೆ. ಅಲ್ಲಿಂದ ಪೂರ್ವಕ್ಕೆ ಬಂದರೆ ಕೂಡಬೇಕು, ಪಶ್ಚಿಮಕ್ಕೆ ಹೋದರೆ ಕಳೆಯಬೇಕು. ನಮ್ಮ ದೇಶದ ಸಮಯ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ. ಅದೇ +0530.

ಈ ಐದೂವರೆ ಎಲ್ಲಿಂದ ಬಂತು? ಭೂಮಿ ಒಂದು ಡಿಗ್ರಿ ತಿರುಗೋಕೆ 4 ನಿಮಿಷ ಬೇಕು. ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ಗೆರೆಯನ್ನು ಭಾರತದ ಸಮಯಕ್ಕೆ ಆಧಾರವಾಗಿ ಇಟ್ಟುಕೊಂಡರು. 82.5ನ್ನು 4ರಿಂದ ಗುಣಿಸಿ: 330 ನಿಮಿಷ, ಅಂದರೆ ಐದೂವರೆ ಗಂಟೆ. 1906ರ ಜನವರಿ 1ರಿಂದ ಇದು ಜಾರಿಗೆ ಬಂತು. ಅದಕ್ಕೂ ಮೊದಲು ಮದ್ರಾಸ್, ಬೊಂಬಾಯಿ, ಕಲ್ಕತ್ತಕ್ಕೆ ಬೇರೆ ಬೇರೆ ಸಮಯ ಇತ್ತು. ರೈಲುಗಳು ಮದ್ರಾಸ್ ಸಮಯ ನೋಡಿ ಓಡುತ್ತಿದ್ದವು. ಕಲ್ಕತ್ತದವರು 1948ರವರೆಗೆ, ಬೊಂಬಾಯಿಯವರು 1955ರವರೆಗೆ ತಮ್ಮ ಹಳೆಯ ಸಮಯವನ್ನೂ ಬಿಟ್ಟಿರಲಿಲ್ಲ.

ಬೆಂಗಳೂರು ಮಿರ್ಜಾಪುರಕ್ಕಿಂತ ಪಶ್ಚಿಮಕ್ಕಿದೆ. ಅದಕ್ಕೇ ನಮ್ಮಲ್ಲಿ ಸೂರ್ಯ ನೆತ್ತಿಗೆ ಬರುವಾಗ ಗಡಿಯಾರ ಸರಿಯಾಗಿ 12 ತೋರಿಸುವುದಿಲ್ಲ, ಸಾಮಾನ್ಯವಾಗಿ ಇಪ್ಪತ್ತು ನಿಮಿಷ ಮೀರಿರುತ್ತೆ. ಇದನ್ನು ನೆನಪಿಟ್ಟುಕೊಳ್ಳಿ. ಗಡಿಯಾರ ತೋರಿಸುವುದು ದೇಶ ಒಪ್ಪಿಕೊಂಡ ಸಮಯವನ್ನು. ನಾವು ನಿಂತ ಜಾಗವನ್ನಲ್ಲ.

ಯಾವ ದೇಶಕ್ಕೆ ಯಾವ ಅಂಕಿ?

ಸಂಘದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ:

• ಭಾರತ, ಶ್ರೀಲಂಕಾ: +0530
• ನೇಪಾಳ: +0545
• ಪಾಕಿಸ್ತಾನ: +0500
• ಬಾಂಗ್ಲಾದೇಶ: +0600
• ದುಬೈ, ಮಸ್ಕತ್: +0400
• ಕುವೈತ್, ಸೌದಿ, ಕತಾರ್, ಬಹ್ರೇನ್: +0300
• ಮ್ಯಾನ್ಮಾರ್: +0630
• ಥಾಯ್ಲೆಂಡ್, ಕಾಂಬೋಡಿಯಾ: +0700
• ಸಿಂಗಾಪುರ, ಮಲೇಷ್ಯಾ, ಚೀನಾ: +0800
• ಲಂಡನ್: ಚಳಿಗಾಲದಲ್ಲಿ +0000, ಬೇಸಿಗೆಯಲ್ಲಿ +0100
• ನೈಜೀರಿಯಾ: +0100
• ಅಮೆರಿಕದ ನ್ಯೂಯಾರ್ಕ್: ಚಳಿಗಾಲದಲ್ಲಿ -0500, ಬೇಸಿಗೆಯಲ್ಲಿ -0400

ಗಲ್ಫ್‌ನಲ್ಲಿ ಗಂಡನೋ ಅಣ್ಣನೋ ಇರುವ ಮನೆಯವರಿಗೆ ಈ ಲೆಕ್ಕ ಬಾಯಿಪಾಠ. ಇಲ್ಲಿ ರಾತ್ರಿ 9 ಆದರೆ ದುಬೈಯಲ್ಲಿ ಏಳೂವರೆ, ಕುವೈತಿನಲ್ಲಿ ಆರೂವರೆ. ಡ್ಯೂಟಿ ಮುಗಿದಿರುತ್ತೆ, ಈಗ ಫೋನ್ ಮಾಡಬಹುದು ಅಂತ ಕಾಯುತ್ತೀರಲ್ಲ, ಅದೇ ಲೆಕ್ಕ.

ನೋಡುವುದು ಹೇಗೆ?

ಮೊಬೈಲಿನ ಜಿಮೇಲ್ ಆ್ಯಪ್‌ನಲ್ಲಿ ಹೆಡರ್ ಕಾಣುವುದಿಲ್ಲ. ಅಲ್ಲಿ ಕಾಣುವ ಹೊತ್ತು ನಮ್ಮ ಫೋನು ನಮ್ಮ ಸಮಯಕ್ಕೆ ತಿರುಗಿಸಿ ತೋರಿಸಿದ್ದು. ಅದರಿಂದ ಕಳಿಸಿದವರ ವಿಷಯ ತಿಳಿಯಲ್ಲ. ವಾಟ್ಸಾಪ್‌ನಲ್ಲಿ ಕಾಣುವ ಸಮಯವೂ ಅಷ್ಟೇ.

ಹೆಡರ್ ನೋಡೋಕೆ ಕಂಪ್ಯೂಟರ್ ಬೇಕು. ಕಾಲೇಜಿಗೆ ಹೋಗುವ ಮಕ್ಕಳ ಸಹಾಯ ಪಡೆಯಿರಿ.

1. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು ಆ ಮೇಲ್ ಮೇಲೆ ಒತ್ತಿ.
2. ಬಲಗಡೆ ಮೂರು ಚುಕ್ಕಿ ಕಾಣುತ್ತೆ. ಅದನ್ನು ಒತ್ತಿ.
3. ಬರುವ ಪಟ್ಟಿಯಲ್ಲಿ ‘ಶೋ ಒರಿಜಿನಲ್’ ಎಂಬುದನ್ನು ಒತ್ತಿ. ಹೊಸ ಪುಟ ತೆರೆಯುತ್ತೆ.
4. ಮೇಲ್ಗಡೆಯ ಚೌಕದಲ್ಲಿರುವ ಸಮಯ ಮತ್ತೆ ನಮ್ಮದೇ ಸಮಯ. ಅದನ್ನು ಬಿಡಿ. ಕೆಳಗೆ ಒತ್ತೊತ್ತಾಗಿರುವ ಅಕ್ಷರಗಳಲ್ಲಿ ‘ಡೇಟ್’ ಎಂದು ಶುರುವಾಗುವ ಸಾಲು ಹುಡುಕಿ.
5. ಆ ಸಾಲಿನ ಕೊನೆಯ ಅಂಕಿಯನ್ನು ಕಾಗದದ ಮೇಲೆ ಬರೆದುಕೊಳ್ಳಿ.

ಸೈಬರ್ ಸೆಂಟರಿನಲ್ಲಿ ಮೇಲ್ ತೆರೆದರೆ ಮುಗಿಸಿದ ಮೇಲೆ ಲಾಗ್ ಔಟ್ ಮಾಡುವುದನ್ನು ಮರೆಯಬೇಡಿ.

ಈಗ ಆ ಅಕ್ಕನ ಮಗಳ ಮೇಲ್ ನೋಡೋಣ

ಡೇಟ್ ಸಾಲಿನಲ್ಲಿ ಇದ್ದದ್ದು ರಾತ್ರಿ 9:40, +0530 ಎಂದಿಟ್ಟುಕೊಳ್ಳಿ. ಇದರಿಂದ ಐದೂವರೆ ಗಂಟೆ ಕಳೆದರೆ ಗ್ರೀನಿಚ್‌ನಲ್ಲಿ ಸಂಜೆ 4:10. ಅದಕ್ಕೆ 4 ಗಂಟೆ ಕೂಡಿದರೆ ದುಬೈಯಲ್ಲಿ ರಾತ್ರಿ 8:10. ದುಬೈ ಆಫೀಸಿನ ಕಂಪ್ಯೂಟರಿನಿಂದ ಬಂದಿದ್ದರೆ ಸಾಮಾನ್ಯವಾಗಿ 20:10, +0400 ಎಂದಿರಬೇಕಿತ್ತು. ಇಲ್ಲಿ ಹಾಗಿಲ್ಲ. ಅಂದರೆ ಈ ಮೇಲ್ ಬರೆದ ಕಂಪ್ಯೂಟರೋ ಫೋನೋ ಭಾರತದ ಸಮಯ ಇಟ್ಟುಕೊಂಡಿದೆ.

ಹಾಗಾದರೆ ಮೋಸ ಅಂತ ತೀರ್ಮಾನ ಮಾಡಿಬಿಡೋಣವಾ? ತಡೆಯಿರಿ. ಆ ಅಂಗಡಿಗಾಗಿ ಇಲ್ಲೇ ಮುಂಬೈಯಲ್ಲೋ ಬೆಂಗಳೂರಿನಲ್ಲೋ ಇರುವ ಏಜೆಂಟು ಬರೆದಿರಬಹುದು. ಆದರೆ ಅವರು ಪತ್ರದಲ್ಲಿ “ನಾನು ದುಬೈ ಆಫೀಸಿನಲ್ಲಿ ಕೂತಿದ್ದೇನೆ” ಎಂದು ಬರೆದಿದ್ದರೆ, ಕೇಳಲೇಬೇಕಾದ ಪ್ರಶ್ನೆ ಹುಟ್ಟಿತು. “ನೀವು ಎಲ್ಲಿಂದ ಬರೆಯುತ್ತಿದ್ದೀರಿ? ಏಜೆಂಟಾದರೆ ನಿಮ್ಮ ನೋಂದಣಿ ಸಂಖ್ಯೆ ಏನು?” ವಿದೇಶಕ್ಕೆ ಕೆಲಸಕ್ಕೆ ಕಳಿಸುವ ನೋಂದಾಯಿತ ಏಜೆಂಟರ ಪಟ್ಟಿ ವಿದೇಶಾಂಗ ಸಚಿವಾಲಯದ ‘ಇ-ಮೈಗ್ರೇಟ್’ ವೆಬ್‌ಸೈಟಿನಲ್ಲಿದೆ. ಅಲ್ಲಿ ಹೆಸರು ಇದೆಯಾ ಅಂತ ನೋಡಬಹುದು. ಅಂಗಡಿಯ ಫೋನ್ ನಂಬರನ್ನು ಮೇಲ್‌ನಿಂದ ತೆಗೆದುಕೊಳ್ಳದೆ ಬೇರೆ ಕಡೆಯಿಂದ ಹುಡುಕಿ ಫೋನ್ ಮಾಡಿ ವಿಚಾರಿಸಬಹುದು. ‘ಅಟ್’ ಚಿಹ್ನೆಯ ಮುಂದೆ ಏನಿದೆ ಎಂದೂ ನೋಡಿ. ದೊಡ್ಡ ಕಂಪನಿಯ ಹೆಸರು ಹೇಳಿಕೊಂಡು ಬರೀ ಜಿಮೇಲ್ ವಿಳಾಸದಿಂದ ಬರೆದರೆ ಅನುಮಾನಕ್ಕೆ ಅದೂ ಒಂದು ಕಾರಣ.

ಇದು ದುಡ್ಡಿನ ಮಾತು ಮಾತ್ರ ಅಲ್ಲ. ಥಾಯ್ಲೆಂಡಿನಲ್ಲಿ ಒಳ್ಳೆಯ ಕೆಲಸ ಎಂದು ಕರೆಸಿಕೊಂಡು, ಗಡಿ ದಾಟಿಸಿ ಮ್ಯಾನ್ಮಾರಿನಲ್ಲಿ ಕೂಡಿಹಾಕಿ, ಆನ್‌ಲೈನ್ ಮೋಸದ ಕೆಲಸವನ್ನೇ ಮಾಡಿಸಿದ್ದಾರೆ. ಹಾಗೆ ಸಿಕ್ಕಿಬಿದ್ದಿದ್ದ 500ಕ್ಕೂ ಹೆಚ್ಚು ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ಸರ್ಕಾರ ವಿಮಾನದಲ್ಲಿ ವಾಪಸ್ ಕರೆತಂದಿತು. ಮೇಲ್ ಬಂದ ದಿನವೇ ನಾಲ್ಕು ಪ್ರಶ್ನೆ ಕೇಳಿದರೆ ನಷ್ಟವೇನಿಲ್ಲ.

ಗಡಿಯಾರ ಎಲ್ಲೆಲ್ಲಿ ದಾರಿ ತಪ್ಪಿಸುತ್ತೆ?

• +0530 ಎಂದರೆ ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಎಲ್ಲಿಂದ ಬೇಕಾದರೂ ಆಗಬಹುದು, ಶ್ರೀಲಂಕಾದಿಂದಲೂ ಆಗಬಹುದು. ಲಗ್ಗೆರೆಯೋ ದೆಹಲಿಯೋ ಅಂತ ಅದು ಹೇಳಲ್ಲ.

• +0100 ಕಂಡ ಕೂಡಲೇ ನೈಜೀರಿಯಾ ಎನ್ನಬೇಡಿ. ಚಳಿಗಾಲದಲ್ಲಿ ಜರ್ಮನಿ, ಇಟಲಿಯದ್ದೂ ಅದೇ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಲಂಡನ್ನಿನದ್ದೂ ಅದೇ.

• ಜಿಮೇಲ್‌ನ ‘ರಿಸೀವ್ಡ್’ ಸಾಲುಗಳಲ್ಲಿ -0800 ಅಥವಾ -0700 ಕಾಣುತ್ತೆ. ಅದು ಕಂಪನಿಯ ಕಂಪ್ಯೂಟರುಗಳು ಇಟ್ಟುಕೊಂಡ ಅಮೆರಿಕದ ಸಮಯ. ಪಕ್ಕದ ಬೀದಿಯ ಗೆಳತಿ ಕಳಿಸಿದ ಮೇಲ್‌ನಲ್ಲೂ ಅದೇ ಇರುತ್ತೆ.

• +0000 ಇದ್ದರೆ ಲಂಡನ್ ಎಂದೇ ಅಲ್ಲ. ಬ್ಯಾಂಕು, ರೈಲ್ವೆ ಟಿಕೆಟ್‌ನಂತೆ ಯಂತ್ರವೇ ತಾನಾಗಿ ಕಳಿಸುವ ಎಷ್ಟೋ ಮೇಲ್‌ಗಳಲ್ಲಿ ಗ್ರೀನಿಚ್ ಸಮಯವನ್ನೇ ಹಾಕಿರುತ್ತಾರೆ.

• ಅಮೆರಿಕದ ಬ್ಯಾಂಕಿಗೆ ಬೆಂಗಳೂರಿನಲ್ಲಿ ರಾತ್ರಿ ಪಾಳಿ ಮಾಡುವ ಮಕ್ಕಳು ನಮ್ಮಲ್ಲೇ ಬೇಕಾದಷ್ಟಿದ್ದಾರೆ. ಅವರು ಕಳಿಸುವ ಮೇಲ್‌ನಲ್ಲಿ +0530 ಇದ್ದರೆ ಅದು ಮೋಸ ಅಲ್ಲ.

• ಎಲ್ಲಕ್ಕಿಂತ ಮುಖ್ಯ: ಕಂಪ್ಯೂಟರಿನ ಗಡಿಯಾರವನ್ನು ಯಾರು ಬೇಕಾದರೂ ತಿರುಗಿಸಬಹುದು. ಮೋಸ ಮಾಡುವವನು ಇಲ್ಲೇ ಕೂತು ದುಬೈ ಸಮಯ ಇಟ್ಟುಕೊಳ್ಳಬಹುದು. ಹಾಗಾಗಿ ಅಂಕಿ ಸರಿಯಾಗಿದೆ ಎಂದ ಮಾತ್ರಕ್ಕೆ ದುಡ್ಡು ಕಳಿಸಬೇಡಿ. ಅಂಕಿ ತಪ್ಪಿದ್ದರೆ ಪ್ರಶ್ನೆ ಕೇಳಿ, ಸರಿ ಇದ್ದರೂ ಪ್ರಶ್ನೆ ಕೇಳಿ.

ಹೊತ್ತು ತಪ್ಪಾಗಿ ಓದಿ ಜೈಲು ಸೇರಿಸಿದ ಕಥೆ

ಹೊತ್ತನ್ನು ಅವಸರದಲ್ಲಿ ಓದಿದರೆ ಏನಾಗುತ್ತೆ ಎಂಬುದಕ್ಕೆ ನಮ್ಮ ಬೆಂಗಳೂರಿನಲ್ಲೇ ಒಂದು ನಿಜ ಘಟನೆ ಇದೆ. ಅದು ಇ-ಮೇಲ್ ವಿಷಯ ಅಲ್ಲ, ಇಂಟರ್‌ನೆಟ್ಟಿನಲ್ಲಿ ಹಾಕಿದ ಒಂದು ಚಿತ್ರದ ವಿಷಯ. ಪಾಠ ಮಾತ್ರ ಒಂದೇ.

2007ರಲ್ಲಿ ಆರ್ಕುಟ್ ಎಂಬ ತಾಣದಲ್ಲಿ ಯಾರೋ ಶಿವಾಜಿ ಮಹಾರಾಜರನ್ನು ಅವಮಾನಿಸುವ ಚಿತ್ರ ಹಾಕಿದರು. ಪುಣೆ ಪೊಲೀಸರು ತನಿಖೆಗೆ ಇಳಿದರು. ಚಿತ್ರ ಹಾಕಿದವರ ‘ಐಪಿ’ ನಂಬರ್ ಸಿಕ್ಕಿತು. ಇಂಟರ್‌ನೆಟ್ ಬಳಸುವಾಗ ಕಂಪನಿ ನಮಗೆ ಕೊಡುವ ನಂಬರ್ ಅದು. ಲಾಡ್ಜಿನ ರೂಮ್ ನಂಬರ್ ಇದ್ದ ಹಾಗೆ. ಬೆಳಿಗ್ಗೆ ಒಬ್ಬರು ಖಾಲಿ ಮಾಡಿದರೆ ಸಂಜೆ ಅದೇ ರೂಮಿಗೆ ಇನ್ನೊಬ್ಬರು ಬರುತ್ತಾರೆ. 12ನೇ ರೂಮಿನಲ್ಲಿ ಯಾರಿದ್ದರು ಎಂದು ಕೇಳಿದರೆ ಸಾಲದು, ಎಷ್ಟು ಹೊತ್ತಿಗೆ ಎಂದೂ ಹೇಳಬೇಕು.

ಎಡವಟ್ಟಾಗಿದ್ದು ಅಲ್ಲೇ. ಇಂಟರ್‌ನೆಟ್ ಕಂಪನಿಯನ್ನು ವಿಚಾರಿಸುವಾಗ 1:15 ಎಂದರೆ ಮಧ್ಯಾಹ್ನವೋ ಮಧ್ಯರಾತ್ರಿ ಮೇಲೋ ಎಂಬುದು ಸ್ಪಷ್ಟವಾಗಲಿಲ್ಲ. ಕಂಪನಿ ಬೇರೆಯವರ ವಿವರ ಕೊಟ್ಟಿತು. ಆಗಸ್ಟ್ ಕೊನೆಯಲ್ಲಿ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಇಂಜಿನಿಯರನ್ನು ಬಂಧಿಸಿ ಪುಣೆಗೆ ಕರೆದೊಯ್ದರು. ಏನೂ ತಪ್ಪು ಮಾಡದ ಆ ಮನುಷ್ಯ ಸುಮಾರು 50 ದಿನ ಸೆರೆಯಲ್ಲಿದ್ದರು. ವಿವರ ತಪ್ಪು ಎಂದು ಗೊತ್ತಾದ ಮೇಲೆ ಬಿಡುಗಡೆಯಾಯಿತು. ಮುಂದೆ ಮಾನವ ಹಕ್ಕು ಆಯೋಗ ಅವರಿಗೆ 2 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಆ ಕಂಪನಿಗೆ ಆದೇಶಿಸಿತು. ಆದರೆ ಹೋದ ಐವತ್ತು ದಿನ, ಹೋದ ಮಾನ ವಾಪಸ್ ಬರುತ್ತಾ?

ಬೆಳಿಗ್ಗೆ ರಾತ್ರಿ ಎಂಬ ಒಂದು ತಪ್ಪಿಗೇ ಹೀಗಾದರೆ, ಗ್ರೀನಿಚ್ ಸಮಯಕ್ಕೂ ನಮ್ಮ ಸಮಯಕ್ಕೂ ಇರುವ ಐದೂವರೆ ಗಂಟೆ ಮರೆತರೆ ಎಷ್ಟು ಜನ ನಿರಪರಾಧಿಗಳ ಹೆಸರು ಸಿಕ್ಕಿಬೀಳಬಹುದು, ಯೋಚಿಸಿ. ಸಂಘದಲ್ಲೂ ಹೀಗೇ. “ಕೆಟ್ಟ ಮೇಲ್ ಬಂದಿದೆ, +0530 ಇದೆ, ಹಾಗಾದರೆ ಪಕ್ಕದ ಮನೆ ಹುಡುಗನೇ ಇರಬೇಕು” ಅಂತ ಯಾರ ಮೇಲೂ ಬೆರಳು ತೋರಿಸಬೇಡಿ. ಕಳಿಸಿದವರು ಯಾರು ಎಂದು ಹುಡುಕುವುದು ಪೊಲೀಸರ ಕೆಲಸ. ಮೇಲ್ ಕಂಪನಿಯಿಂದ ದಾಖಲೆ ಕೇಳಿ ಪಡೆಯುವ ಅಧಿಕಾರ ಅವರಿಗಿದೆ, ನಮಗಿಲ್ಲ.

ನಾವು ಕಳಿಸುವ ಮೇಲ್ ನಮ್ಮ ಬಗ್ಗೆ ಏನು ಹೇಳುತ್ತೆ?

ಗಂಡನ ಹೊಡೆತ ತಾಳಲಾರದೆ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟು ಬಂದ ತಂಗಿಯರು ನಮ್ಮ ನಡುವೆಯೂ ಇರಬಹುದು. ತಾಯಿಗೆ ಮೇಲ್ ಕಳಿಸಿದರೆ ತಾನಿರುವ ಜಾಗ ಗಂಡನಿಗೆ ಗೊತ್ತಾಗಿಬಿಡುತ್ತಾ ಎಂಬ ಹೆದರಿಕೆ ಅವರಿಗೆ ಸಹಜ. ಇಡೀ ದೇಶಕ್ಕೆ ಒಂದೇ ಸಮಯ ಇರುವುದರಿಂದ, ಹೊತ್ತು ನೋಡಿ ಊರು ಕಂಡುಹಿಡಿಯೋಕೆ ಆಗಲ್ಲ. ಜಿಮೇಲ್‌ನಿಂದ ಕಳಿಸಿದ ಮೇಲ್‌ನಲ್ಲಿ ಸಾಮಾನ್ಯವಾಗಿ ಕಳಿಸಿದವರ ಐಪಿ ನಂಬರೂ ಪಡೆದವರಿಗೆ ಕಾಣುವುದಿಲ್ಲ. ಕೆಲವು ಆಫೀಸಿನ ಮೇಲ್‌ಗಳಲ್ಲಿ ಕಾಣಬಹುದು.

ಫೋಟೋ ವಿಷಯದಲ್ಲಿ ಮಾತ್ರ ಎಚ್ಚರ. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ, ಫೋಟೋ ತೆಗೆದ ಜಾಗ ಅದರೊಳಗೇ ಸೇರಿಕೊಳ್ಳುತ್ತೆ. ಮೇಲ್‌ಗೆ ಸೇರಿಸಿ ಕಳಿಸಿದರೆ ಅದೂ ಜೊತೆಗೆ ಹೋಗಬಹುದು. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿ. ತೊಂದರೆಯಲ್ಲಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಅನುಮಾನದ ಮೇಲ್ ಬಂದರೆ ಏನು ಮಾಡಬೇಕು?

1. ದುಡ್ಡು, ಒಟಿಪಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಫೋಟೋ ಏನನ್ನೂ ಕಳಿಸಬೇಡಿ.
2. ಭಯಪಟ್ಟು ಮೇಲ್ ಅಳಿಸಿಹಾಕಬೇಡಿ. ಅದೇ ಸಾಕ್ಷಿ.
3. ಬರೀ ಸ್ಕ್ರೀನ್‌ಶಾಟ್ ಸಾಲದು, ಬೇರೆಯವರಿಗೆ ಫಾರ್ವರ್ಡ್ ಮಾಡಿದರೂ ಮೊದಲಿನ ಹೆಡರ್ ಹಾಗೇ ಉಳಿಯಲ್ಲ. ‘ಶೋ ಒರಿಜಿನಲ್’ ಪುಟದಲ್ಲೇ ‘ಡೌನ್‌ಲೋಡ್ ಒರಿಜಿನಲ್’ ಎಂದಿದೆ. ಅದನ್ನು ಒತ್ತಿ ಫೈಲ್ ಉಳಿಸಿಟ್ಟುಕೊಳ್ಳಿ.
4. ದುಡ್ಡು ಆಗಲೇ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು. ಬ್ಯಾಂಕಿಗೂ ತಿಳಿಸಿ.
5. ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ಎಂಬ ಸರ್ಕಾರದ ವೆಬ್‌ಸೈಟಿನಲ್ಲಿ ಅಥವಾ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಕಂಪ್ಯೂಟರ್ ಬಳಸಿ ಬೇರೆಯವರ ವೇಷದಲ್ಲಿ ಮೋಸ ಮಾಡಿದರೆ ಐಟಿ ಕಾಯಿದೆಯ 66ಡಿ ಕಲಮಿನಡಿ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಇದೆ.
6. ದೂರಿನಲ್ಲಿ ಹೊತ್ತು ಬರೆಯುವಾಗ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಯಾವುದು ಎಂದು ಬಿಡಿಸಿ ಬರೆಯಿರಿ. +0530 ಎಂಬುದನ್ನೂ ಸೇರಿಸಿ.

ಸಂಘದ ನಡಾವಳಿ ಪುಸ್ತಕದಲ್ಲಿ ನಾವು ತಾರೀಖು, ಹೊತ್ತು ಬರೆಯುತ್ತೇವೆ. ಆದರೂ ಹಾಜರಿದ್ದವರ ಸಹಿ ಇಲ್ಲದೆ ಆ ಪುಟಕ್ಕೆ ಬೆಲೆ ಇಲ್ಲ. ಇ-ಮೇಲ್ ಮೇಲಿನ ಹೊತ್ತೂ ಹಾಗೇ, ಒಂದು ಸಾಕ್ಷಿ ಮಾತ್ರ. ಬೇರೆ ಸಾಕ್ಷಿಗಳನ್ನೂ ಕರೆದು ವಿಚಾರಿಸಿದ ಮೇಲೆಯೇ ತೀರ್ಮಾನ ಮಾಡಬೇಕು. ಸಾಲ ಕೇಳಿದ ಆ ಅಕ್ಕನಿಗೆ ಸಂಘ ಹೇಳಬೇಕಾದ ಮಾತೂ ಇದೇ: “ಅಕ್ಕಾ, ಇಲ್ಲ ಅನ್ನಲ್ಲ. ನಾಲ್ಕು ದಿನ ತಡಿ, ಎಲ್ಲರೂ ಸೇರಿ ವಿಚಾರಿಸೋಣ.” ನಾಲ್ಕು ದಿನ ಕಾಯೋಕೆ ಆಗದ ಕೆಲಸ ನಿಜವಾದ ಕೆಲಸ ಇರಲಾರದು.

ಸಭೆಯಲ್ಲಿ ಚರ್ಚಿಸಿ

• ನಮ್ಮ ಸಂಘದಲ್ಲಿ ಯಾರಿಗಾದರೂ ವಿದೇಶದ ಕೆಲಸ, ಲಾಟರಿ, ಪಾರ್ಸೆಲ್ ಎಂದು ಮೇಲ್ ಬಂದಿತ್ತಾ? ಆಗ ಏನು ಮಾಡಿದೆವು?
• ಇಲ್ಲಿ ಬೆಳಿಗ್ಗೆ 10 ಗಂಟೆಯಾದರೆ ಕುವೈತಿನಲ್ಲಿ ಎಷ್ಟು ಗಂಟೆ? ಸಿಂಗಾಪುರದಲ್ಲಿ?
• ಕಂಪ್ಯೂಟರಿನಲ್ಲಿ ಹೆಡರ್ ತೆರೆದು ತೋರಿಸಬಲ್ಲ ಮಕ್ಕಳು ನಮ್ಮ ಬೀದಿಯಲ್ಲಿ ಯಾರಿದ್ದಾರೆ? ಮುಂದಿನ ಸಭೆಗೆ ಅವರನ್ನು ಕರೆಯೋಣವೇ?